ಗಾಡಿ ಮಾಡಿಸೋದಾ, ಮಾರೋದಾ?

1/8

ಈ ಫೋಟೋದಲ್ಲಿರೋ ಬಿಳಿ ಪಿಕಪ್ ನಮ್ಮ ಕ್ಲಾಸಿನ ಅರ್ಧ ಜನಕ್ಕೆ ಗೊತ್ತು. ಸೆಕೆಂಡ್ ಇಯರ್‌ನಲ್ಲಿ ಸಿದ್ದರಬೆಟ್ಟಕ್ಕೆ ಟಾರ್ಪಾಲ್ ಮೇಲೆ ಕೂತು ಕಿರುಚಾಡ್ಕೊಂಡು ಹೋಗಿದ್ವಲ್ಲ, ಅದೇ. (ಗೂಡ್ಸ್ ಗಾಡಿ ಹಿಂದೆ ಜನ ಕೂರೋದು ತಪ್ಪು. ಗೊತ್ತಿದ್ದೂ ಕೂತಿದ್ವಿ. ನೀವು ಕೂರಬೇಡಿ.)

ಈ ವರ್ಷ ಫೆಬ್ರವರಿಯಿಂದ ಮೇ ತನಕ ನಮ್ಮನೇಲಿ ಒಂದೇ ಮಾತು. ಗಾಡಿ ಮಾಡಿಸೋದಾ, ಮಾರೋದಾ. ಊಟಕ್ಕೆ ಕೂತ್ರೂ ಅದೇ, ಮಲಗೋ ಹೊತ್ತಿಗೂ ಅದೇ. ಎಕ್ಸಾಮ್ ಇತ್ತು ಅಂತ ಆವಾಗ ಬರೀಲಿಲ್ಲ. ಈಗ ಎಂಟು ಭಾಗದಲ್ಲಿ ಬರೀತೀನಿ, ದಿನಕ್ಕೊಂದು. ನಿಮ್ಮನೆ ಮುಂದೆನೂ ಹಳೇ ಟ್ರ್ಯಾಕ್ಟರೋ, ಲಗೇಜ್ ಆಟೋನೋ ನಿಂತಿದ್ರೆ ಓದಿ.

ಗಾಡಿ ತಂದಿದ್ದು 2010ರ ಜೂನ್‌ನಲ್ಲಿ. ನಾನಾಗ ಒಂದನೇ ಕ್ಲಾಸು. ನಂಬರ್ ಕೆಎ-06, ತುಮಕೂರಿಂದು. ಈಗ ಮಧುಗಿರಿಲಿ ರಿಜಿಸ್ಟರ್ ಆಗೋ ಹೊಸ ಗಾಡಿಗೆಲ್ಲ ಕೆಎ-64, ಹಾಗಾಗಿ ನಮ್ಮೂರಲ್ಲಿ ಪ್ಲೇಟ್ ನೋಡಿದ್ರೇ ಯಾವುದು ಹಳೇ ಕಾಲದ್ದು ಅಂತ ಹೇಳ್ಬಹುದು. ತಂದ ವಾರದಲ್ಲೇ ಪಾವಗಡ ಶನಿಮಹಾತ್ಮನ ಹತ್ರ ಪೂಜೆ ಮಾಡಿಸಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಯಾಕಂದ್ರೆ ಒಂದು ನಿಂಬೆಹಣ್ಣು ಸಿಡಿದು ನನ್ನ ಹೊಸ ಶರ್ಟ್ ಮೇಲೆ ಬಿದ್ದಿತ್ತು.

ಯಾವ ಕಂಪನಿ ಗಾಡಿ ಅಂತ ಬರೆಯಲ್ಲ. ಹದಿನೈದು ವರ್ಷ ದುಡಿದ ಗಾಡಿ ಹಳೇದಾಗೋದು ಕಂಪನಿ ತಪ್ಪಲ್ಲ.

2/8

ಅಪ್ಪ ಮೊದಲು ಬೇರೆಯವರ ಲಾರಿಲಿ ಕ್ಲೀನರ್, ಆಮೇಲೆ ಡ್ರೈವರ್. ಶಿರಾ ಮೇಲೆ ಹಾದು ಹೋಗೋ ಪುಣೆ ಲೈನು. ತಿಂಗಳಿಗೆ ಎರಡು ಸಲ ಮನೆಗೆ ಬಂದ್ರೆ ಹೆಚ್ಚು ಅಂತ ಅಮ್ಮ ಈಗಲೂ ಹೇಳ್ತಾಳೆ.

2005ರಲ್ಲಿ ಟಾಟಾ ಏಸ್ ಬಂತು. ಅದಕ್ಕೂ ಮುಂಚೆ ನಮ್ಮ ಕಡೆ ಇಪ್ಪತ್ತು ಮೂಟೆ ಹುಣಸೆಹಣ್ಣು ಸಾಗಿಸ್ಬೇಕು ಅಂದ್ರೆ ಒಂದೋ ಟ್ರ್ಯಾಕ್ಟರ್, ಇಲ್ಲಾ ಲಾರಿ ತುಂಬೋ ತನಕ ಕಾಯೋದು. ಸಣ್ಣ ಗಾಡಿಗಳು ಬಂದ್ಮೇಲೆ ಡ್ರೈವರ್ ಆಗಿದ್ದೋರೂ ಓನರ್ ಆಗ್ಬಹುದು ಅನ್ನೋ ಆಸೆ ಹುಟ್ತು. ಅಪ್ಪ ಐದು ವರ್ಷ ದುಡ್ಡು ಕೂಡಿಹಾಕಿ, ಸಾಲ ಮಾಡಿ, ಏಸ್‌ಗಿಂತ ಒಂದು ಸೈಜ್ ದೊಡ್ಡದು ಪಿಕಪ್ಪೇ ತಗೊಂಡ್ರು. ಬಾಗಿಲ ಮೇಲೆ ಪೇಂಟರ್ ಹತ್ರ ಬರೆಸಿದ್ದು ದೇವರ ಹೆಸರೂ ಅಲ್ಲ, ನಮ್ಮ ಹೆಸರೂ ಅಲ್ಲ. "ಓನರ್ ಕಮ್ ಡ್ರೈವರ್."

ಗಾಡಿ ನಿಜವಾಗಿ ದುಡಿದಿದ್ದು ಪಾವಗಡದ ಸೋಲಾರ್ ಪಾರ್ಕ್ ಕಟ್ಟೋವಾಗ. ತಿರುಮಣಿ, ವಳ್ಳೂರು ಕಡೆ 13,000 ಎಕರೆ, 2,050 ಮೆಗಾವ್ಯಾಟ್. 2018ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು, ಅದರ ಹಿಂದೆ ಮುಂದೆ ಎರಡು ವರ್ಷ ಕೆಲಸವೋ ಕೆಲಸ. ಕೇಬಲ್ ರೋಲು, ಸಿಮೆಂಟು, ಕೆಲಸದೋರಿಗೆ ಊಟದ ಕ್ಯಾನು, ನೀರಿನ ಡ್ರಮ್ಮು. ಅಪ್ಪ ಬೆಳಗ್ಗೆ ನಾಲ್ಕಕ್ಕೆ ಹೊರಟ್ರೆ ರಾತ್ರಿ ಹತ್ತಕ್ಕೆ ಬರೋರು. ನಮ್ಮನೆ ಗೋಡೆಗೆ ಪ್ಲಾಸ್ಟರ್ ಆಗಿದ್ದು, ಅಕ್ಕನ ಮದ್ವೆ ಆಗಿದ್ದು, ಎಲ್ಲಾ ಆ ದುಡ್ಡಲ್ಲೇ.

ಕೆಲಸ ಮುಗೀತು. ಜಮೀನು ಕೊಟ್ಟ ರೈತರಿಗೆ ಎಕರೆಗೆ ವರ್ಷಕ್ಕೆ 21,000 ಅಂತ ಗುತ್ತಿಗೆ ಶುರುವಾಗಿತ್ತು, ಅವರ ಮಟ್ಟಿಗೆ ಮಳೆ ನಂಬೋ ಕಷ್ಟ ಇಲ್ಲ. ಆದ್ರೆ ಆ ಹೊಲಗಳಿಂದ ಅಪ್ಪನಿಗೆ ಮೊದಲು ಕಡ್ಲೆಕಾಯಿ ಲೋಡು ಸಿಗ್ತಿತ್ತು. ಪ್ಯಾನೆಲ್‌ಗೆ ಗೊಬ್ಬರ ಬೇಡ, ಬಿತ್ತನೆ ಬೀಜ ಬೇಡ, ಮೂಟೆನೂ ಬರಲ್ಲ. ನಮಗೆ ಎರಡು ವರ್ಷ ಅನ್ನ ಹಾಕಿದ ಪ್ರಾಜೆಕ್ಟೇ ಆಮೇಲೆ ನಮ್ಮ ಬಾಡಿಗೆನೂ ತಿಂತು. ಯಾರನ್ನೂ ಬೈಯೋಕಾಗಲ್ಲ.

3/8

ಫೆಬ್ರವರಿಲಿ ಹುಣಸೆಹಣ್ಣಿನ ಸೀಜನ್. ನಮ್ಮ ಕಡೆ ಹಣ್ಣು ಹಿಂದೂಪುರದ ಮಾರ್ಕೆಟ್‌ಗೆ ಹೋಗುತ್ತೆ. ಗಡಿ ಆಚೆ, ಆಂಧ್ರ. ಕೊಡಿಗೇನಹಳ್ಳಿ ದಾಟಿ ಒಂದು ಏರು ಹತ್ತೋವಾಗ ಕನ್ನಡಿಲಿ ನೋಡಿದ್ರೆ ಹಿಂದಿನ ರೋಡೇ ಕಾಣ್ತಿಲ್ಲ. ನೀಲಿ ಹೊಗೆ. ಹಿಂದೆ ಬೈಕಲ್ಲಿ ಬರ್ತಿದ್ದೋನು ಓವರ್‌ಟೇಕ್ ಮಾಡ್ಕೊಂಡು ಬಂದು, "ಅಣ್ಣಾ, ಗಾಡಿಗೆ ಬೆಂಕಿ ಬಿದ್ದೈತೇನೋ ನೋಡಣ್ಣ" ಅಂದ.

ಬೆಂಕಿ ಬಿದ್ದಿರ್ಲಿಲ್ಲ. ಆಯಿಲ್ ಸುಡ್ತಿತ್ತು. ಲೋಡ್ ಇಳಿಸಿ, ಐದು ಲೀಟರ್ ಆಯಿಲ್ ಕ್ಯಾನ್ ಪಕ್ಕದಲ್ಲಿಟ್ಕೊಂಡು ಮನೆಗೆ ಬಂದ್ವಿ. ಮಾರನೇ ವಾರ ಶಿರಾದಲ್ಲಿ ಅಪ್ಪನ ಲಾರಿ ಕಾಲದ ಪರಿಚಯದ ಮೇಸ್ತ್ರಿ ಹತ್ರ ಹೋದ್ವಿ.

ಮೇಸ್ತ್ರಿ ಮಾಡಿದ ಟೆಸ್ಟು ಭಾರಿ ಸಿಂಪಲ್, ಹಳೇ ಗಾಡಿ ತಗೊಳೋರು ಯಾರಾದ್ರೂ ಇದ್ರೆ ಕಲ್ತುಕೊಳ್ಳಿ. ಇಂಜಿನ್ ಆನ್ ಇರೋವಾಗ ಆಯಿಲ್ ಹಾಕೋ ಮುಚ್ಚಳ ತೆಗೆದು, ತೂತಿನ ಮೇಲೆ ಅಂಗೈ ಇಟ್ರು. ಗಾಳಿ ಬುಸ್ ಬುಸ್ ಅಂತ ಕೈನ ತಳ್ತಿತ್ತು, ಜೊತೆಗೆ ಹೊಗೆ. "ಬ್ಯಾಕ್ ಕಂಪ್ರೆಷನ್" ಅಂದ್ರು. ಅಂದ್ರೆ ಪಿಸ್ಟನ್ ರಿಂಗು, ಬೋರು ಸವೆದು, ಮೇಲೆ ಉರಿಯಬೇಕಾದ ಗ್ಯಾಸ್ ಕೆಳಗೆ ಆಯಿಲ್ ಇರೋ ಕಡೆ ನುಗ್ತಿದೆ, ಕೆಳಗಿನ ಆಯಿಲ್ ಮೇಲೆ ಹತ್ತಿ ಸುಡ್ತಿದೆ.

ಅವರು ಸಿಗರೇಟ್ ಪ್ಯಾಕ್ ಹಿಂದೆ ಬರೆದುಕೊಟ್ಟ ಲೆಕ್ಕ ನನ್ನ ಹತ್ರ ಇನ್ನೂ ಇದೆ (ಎರಡನೇ ಫೋಟೋ). ಇಂಜಿನ್ ಫುಲ್ ಕೆಲಸ 68,000. ಕ್ಲಚ್ ಸೆಟ್ 9,000. ಸ್ಪ್ರಿಂಗ್ ಪಟ್ಟೆ 7,000. ಕ್ಯಾಬಿನ್ ಕೆಳಗೆ ತುಕ್ಕು ಹಿಡಿದಿದ್ದಕ್ಕೆ ಟಿಂಕರಿಂಗ್, ಪೇಂಟು 22,000. ಮುಂದಿನ ಎರಡು ಟೈರು 12,000. ಒಟ್ಟು 1,18,000.

ಅಪ್ಪ ಆ ಪ್ಯಾಕ್‌ನ ಎರಡು ಸಲ ತಿರುಗಿಸಿ ನೋಡಿದ್ರು. ಇನ್ನೊಂದು ಬದಿಲಿ ಏನಾದ್ರೂ ಕಮ್ಮಿ ಬರ್ದಿರ್ಬಹುದು ಅನ್ನೋ ಥರ.

4/8

ಆಮೇಲೆ ಶುರುವಾಯ್ತು ಸಲಹೆ ಮಳೆ.

ಚಿಕ್ಕಪ್ಪ: "ಒಂದೂವರೆ ಲಕ್ಷ ಬಾಳೋ ಗಾಡಿಗೆ ಒಂದು ಲಕ್ಷದ ಹದಿನೆಂಟು ಸಾವಿರ ಸುರಿಯೋದಾ? ತಲೆ ಕೆಟ್ಟೈತಾ?" ಭಾವ: "ಹೊಸದು ತಗೊಳ್ಳಿ, ಇಎಂಐ ಮಾಡಿಸ್ಕೊಡ್ತೀನಿ." ಎದುರು ಮನೆ ಅಜ್ಜಿ: "ಮನೆಗೆ ಅನ್ನ ಹಾಕಿದ್ದನ್ನ ಮಾರಬ್ಯಾಡ್ರಪ್ಪ." ಅಜ್ಜಿ ಮುದಿ ಎಮ್ಮೆಗೂ ಇದೇ ಹೇಳ್ತಾರೆ.

ಮೇಲಿಂದ ಜೂನ್‌ಗೆ ಎಫ್‌ಸಿ. ನಿಮಗೆ ಗೊತ್ತಿಲ್ದೆ ಇರ್ಬಹುದು, ಯೆಲ್ಲೋ ಬೋರ್ಡ್ ಗಾಡಿಗೆ ಎಂಟು ವರ್ಷ ಆಗೋ ತನಕ ಎರಡು ವರ್ಷಕ್ಕೊಂದು ಸಲ ಫಿಟ್‌ನೆಸ್ ಸರ್ಟಿಫಿಕೇಟ್, ಆಮೇಲೆ ಪ್ರತಿ ವರ್ಷ. ಹದಿನೈದು ವರ್ಷ ದಾಟಿದ್ರೆ ಫೀಸೇ ಬೇರೆ, 2022ರ ಏಪ್ರಿಲ್‌ನಿಂದ ಅದು ಹಲವು ಪಟ್ಟು ಏರಿದೆ. ನಮ್ಮದು ಸರಿಯಾಗಿ ಈ ಜೂನ್‌ಗೆ ಹದಿನೈದು ತುಂಬುತ್ತೆ. ಇನ್ಶೂರೆನ್ಸ್ ಕಥೆ ಇನ್ನೂ ಮಜಾ. ನಮ್ಮ ಸೈಜಿನ ಗೂಡ್ಸ್ ಗಾಡಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 16,049 ರೂಪಾಯಿ, ಜಿಎಸ್‌ಟಿ ಬೇರೆ. ನಿನ್ನೆ ಶೋರೂಮಿಂದ ಬಂದ ಗಾಡಿಗೂ ಅಷ್ಟೇ, ಹದಿನೈದು ವರ್ಷದ್ದಕ್ಕೂ ಅಷ್ಟೇ. ದುಡಿಯೋದು ಅರ್ಧ, ಕಟ್ಟೋದು ಪೂರ್ತಿ.

ಗುಜರಿಯೋರು 60,000 ಅಂದ್ರು. ಗಡಿ ಆಚೆಯಿಂದ ಒಬ್ಬ ಬ್ರೋಕರ್ ಬಂದು, ಹೊಗೆ ನೋಡಿನೂ 1,70,000 ಅಂದ. ಅಪ್ಪನ ಮುಖ ಅರಳ್ತು. ಅವನ ಷರತ್ತು ಒಂದೇ. "ಹೆಸರು ಈಗ ಬೇಡ, ಆಮೇಲೆ ನಿಧಾನಕ್ಕೆ ಮಾಡ್ಕೊತೀವಿ. ಸೈನ್ ಮಾಡಿದ ಫಾರಂ ಕೊಟ್ಬಿಡಿ ಸಾಕು."

ಬಿ.ಕಾಂ ಓದಿದ್ದಕ್ಕೆ ಒಂದು ಉಪಯೋಗ ಆಗಿದ್ದು ಅವತ್ತು. ಆರ್‌ಸಿಲಿ ಯಾರ ಹೆಸರಿರುತ್ತೋ ಅವರೇ ಕಾನೂನಿನ ಕಣ್ಣಲ್ಲಿ ಓನರ್. ಗಾಡಿ ಮೂರು ಕೈ ಬದಲಾಗಿದ್ರೂ ಸರಿ, ಆಕ್ಸಿಡೆಂಟ್ ಆದ್ರೆ ಪರಿಹಾರದ ಹೊಣೆ ಅವರ ತಲೆಗೇ. 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಕೇಸಲ್ಲಿ ಇದನ್ನೇ ಹೇಳಿದೆ. ಗಾಡಿ ಎಷ್ಟೋ ದೂರದ ಯಾವುದೋ ರೋಡಲ್ಲಿ ಯಾರಿಗೋ ಗುದ್ದಿದ್ರೆ ನೋಟಿಸ್ ನಮ್ಮನೆ ಬಾಗಿಲಿಗೆ. ಅಪ್ಪನಿಗೆ ಇದನ್ನ ಹೇಳಿದಾಗ, "ಮೂವತ್ತು ಸಾವಿರ ಜಾಸ್ತಿ ಕೊಡ್ತಾನೆ ಕಣೋ" ಅಂದ್ರು. ಒಂದು ಗಂಟೆ ಬಿಟ್ಟು ಅವರೇ ಬ್ರೋಕರ್‌ಗೆ ಫೋನ್ ಮಾಡಿ ಬೇಡ ಅಂದ್ರು.

5/8

ಅಪ್ಪನ ಹತ್ರ ಒಂದು ಬಾಡಿಗೆ ಪುಸ್ತಕ ಇದೆ. ಉದ್ದದ ರೂಲ್ಡ್ ನೋಟ್‌ಬುಕ್ಕು. ತಾರೀಖು, ಎಲ್ಲಿಂದ ಎಲ್ಲಿಗೆ, ಎಷ್ಟು ಬಂತು, ಡೀಸೆಲ್ ಎಷ್ಟು. ಹದಿನೈದು ವರ್ಷದ್ದೂ ಇದೆ, ಯಾರೂ ಕೂಡಿಸಿ ನೋಡಿರ್ಲಿಲ್ಲ ಅಷ್ಟೇ. ನಾನು ಕಳೆದ ಒಂದು ವರ್ಷದ್ದನ್ನ, 2024ರ ಏಪ್ರಿಲ್‌ನಿಂದ ಮಾರ್ಚ್ ತನಕ, ಕೂತು ಕೂಡಿಸಿದೆ.

ಬಾಡಿಗೆ 126. ಬಂದಿದ್ದು 3,02,000. ಡೀಸೆಲ್ 1,34,000. ಸಣ್ಣಪುಟ್ಟ ರಿಪೇರಿ 31,000. ಇನ್ಶೂರೆನ್ಸ್ 18,000. ಆಯಿಲ್ 9,500. ಎಫ್‌ಸಿ, ಟ್ಯಾಕ್ಸು 6,500. ಟೋಲು, ಹಮಾಲರ ಟೀ ಕಾಸು ಅಂತ 8,000. ಉಳಿದಿದ್ದು 95,000.

ತಿಂಗಳಿಗೆ 7,900. ಒಂದು ಬಾಡಿಗೆಗೆ 754 ರೂಪಾಯಿ.

ಈಗ ಕೇಳಿ. ಅಪ್ಪ ಸ್ಟೇರಿಂಗ್ ಮೇಲೆ ಕೂರದೆ, ದಿನಕ್ಕೆ 800 ಕೊಟ್ಟು ಡ್ರೈವರ್ ಇಟ್ಟಿದ್ರೆ? 126 ದಿನಕ್ಕೆ 1,00,800. ಗಾಡಿ 5,800 ರೂಪಾಯಿ ಲಾಸು. ನಾನು ಮೂರು ಸಲ ಕೂಡಿಸಿದೆ. ಅಂದ್ರೆ ಗಾಡಿ ಏನೂ ದುಡೀತಿರ್ಲಿಲ್ಲ, ದುಡೀತಿದ್ದಿದ್ದು ಅಪ್ಪ. ಗಾಡಿ ಅವರ ಕೂಲಿಲೇ ಸ್ವಲ್ಪ ತಿನ್ಕೊಂಡು ನಿಂತಿತ್ತು.

ಆದ್ರೂ ಚಿಕ್ಕಪ್ಪನ ಲೆಕ್ಕ ಸರಿ ಅಂತ ನಾನು ಒಪ್ಪಲ್ಲ. ಗಾಡಿ ಎಷ್ಟು ಬಾಳುತ್ತೆ, ರಿಪೇರಿಗೆ ಎಷ್ಟು ಅಂತ ಎರಡನ್ನ ಪಕ್ಕ ಪಕ್ಕ ಇಟ್ಟು ನೋಡೋದು ತಪ್ಪು. ರಿಪೇರಿ ಮಾಡಿಸಿದ್ರೆ ಇನ್ನು ಮೂರು ವರ್ಷ ಓಡಬಹುದು, ತಿಂಗಳಿಗೆ ಮೂರೂಕಾಲು ಸಾವಿರ ಬಿತ್ತು. ಭಾವ ಹೇಳಿದ ಹೊಸ ಗಾಡಿಗೆ ಇಎಂಐ ತಿಂಗಳಿಗೆ ಇಪ್ಪತ್ತು ಸಾವಿರದ ಹತ್ರ. ದಿನಾ ಬಾಡಿಗೆ ಇರೋನಿಗೆ ಹಳೇ ಗಾಡಿ ಮಾಡಿಸೋದೇ ಲಾಭ. ನಮಗೆ ತಿಂಗಳಿಗೆ ಹತ್ತೇ ಬಾಡಿಗೆ. 1,18,000 ಅಂದ್ರೆ ಅಪ್ಪನ ಹದಿನೈದು ತಿಂಗಳ ದುಡಿಮೆ.

ಪುಸ್ತಕದಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಅಕ್ಟೋಬರ್ ಆದ್ಮೇಲೆ ಬಾಡಿಗೆ ಇದ್ದಕ್ಕಿದ್ದಂಗೆ ಕಮ್ಮಿ. ಕಡ್ಲೆಕಾಯಿ ಕೀಳೋ ಟೈಮು, ಜಾಸ್ತಿ ಆಗ್ಬೇಕಿತ್ತು. ನಾನು ಪಕ್ಕದಲ್ಲಿ ಪೆನ್ಸಿಲಲ್ಲಿ "ಮಾರ್ಕೆಟ್ ಡಲ್" ಅಂತ ಬರ್ಕೊಂಡೆ. ದಡ್ಡ ನಾನು.

6/8

ಇದು ಚಿಕ್ಕ ಭಾಗ. ಬರೆಯೋಕೆ ಇಷ್ಟ ಇಲ್ದೇ ಇರೋ ಭಾಗ.

ನನಗೆ ಲೈಸೆನ್ಸ್ ಇದೆ, ಎಲ್‌ಎಂವಿ. ಇಷ್ಟು ದಿನ ಯಾರಾದ್ರೂ "ನೀನೇ ಓಡಿಸೋ" ಅಂದ್ರೆ, "ಯೆಲ್ಲೋ ಬೋರ್ಡ್‌ಗೆ ಬೇರೆ ಲೈಸೆನ್ಸ್ ಬೇಕು" ಅಂತ ತಪ್ಪಿಸ್ಕೊತಿದ್ದೆ. ಕಳೆದ ನವೆಂಬರ್‌ನಲ್ಲಿ, 2024ರಲ್ಲಿ, ಸುಪ್ರೀಂ ಕೋರ್ಟಿನ ಐದು ಜನ ಜಡ್ಜ್‌ಗಳ ಪೀಠ ಎಲ್‌ಎಂವಿ ಲೈಸೆನ್ಸ್ ಇದ್ದೋರು 7,500 ಕೆಜಿ ಒಳಗಿನ ಗೂಡ್ಸ್ ಗಾಡಿ ಓಡಿಸ್ಬಹುದು ಅಂತ ಹೇಳಿಬಿಡ್ತು. ಚಿಕ್ಕಪ್ಪ ಪೇಪರ್ ಹಿಡ್ಕೊಂಡೇ ಮನೆಗೆ ಬಂದ್ರು. "ಸುಪ್ರೀಂ ಕೋರ್ಟೇ ಹೇಳೈತೆ, ಇನ್ನೇನ್ಲಾ ನಿಂದು?"

ನನಗೆ ತುಮಕೂರಿನ ಹತ್ರ ವಸಂತನರಸಾಪುರದ ಒಂದು ಫ್ಯಾಕ್ಟರಿಲಿ ಅಕೌಂಟ್ಸ್ ಕೆಲಸ ಆಗಿದೆ, ಜುಲೈಗೆ ಸೇರ್ಬೇಕು. ಇದನ್ನ ಮನೇಲಿ ಎಲ್ಲರಿಗೂ ಹೇಳಿದ್ದೆ. ಆದ್ರೂ ಒಂದು ರಾತ್ರಿ ಅಪ್ಪ, "ಇಂಜಿನ್ ಮಾಡ್ಸಿಬಿಟ್ರೆ ನಿನ್ನ ಕಾಲಕ್ಕೂ ಆಯ್ತದೆ" ಅಂದ್ರು. ಬೇರೆ ಏನೂ ಹೇಳ್ಲಿಲ್ಲ. ನನಗೆ ಹೊಟ್ಟೆಲಿ ಕಲ್ಲು ಬಿದ್ದಂಗಾಯ್ತು. 1,18,000 ಯಾರಿಗೋಸ್ಕರ ಅಂತ ಅವತ್ತು ಗೊತ್ತಾಯ್ತು.

"ನಾನು ಓಡಿಸಲ್ಲಪ್ಪ" ಅಂದೆ. ಸ್ವಲ್ಪ ಜೋರಾಗೇ ಅಂದೆ. "ನೀನು ಲಾರಿ ಬಿಟ್ಟು ಓನರ್ ಆದೆ. ನಾನು ಇದನ್ನ ಬಿಟ್ಟು ಬೇರೆ ಏನೋ ಆಗ್ತೀನಿ." ಅಮ್ಮ ಕೈ ತೊಳೆಯೋಕೆ ಎದ್ದೋಳು ಒಳಗೇ ಉಳ್ಕೊಂಡ್ಳು. ಅಪ್ಪ ನನ್ನ ಜೊತೆ ನಾಲ್ಕು ದಿನ ಮಾತಾಡ್ಲಿಲ್ಲ.

7/8

ಮಾರ್ಚ್ ಕೊನೆ. ಪರಿಚಯದೋರ ಮದ್ವೆ, ಪಾವಗಡದಿಂದ ಶಾಮಿಯಾನ, ಪಾತ್ರೆ ಎಲ್ಲಾ ವಾಪಸ್ ತರ್ಬೇಕು. ರಾತ್ರಿ ಬಾಡಿಗೆ. ಅಪ್ಪ ಮೊದಲು ಆಗಲ್ಲ ಅಂದ್ರು, ಆಮೇಲೆ ಮುಲಾಜಿಗೆ ಒಪ್ಕೊಂಡು, ನನ್ನನ್ನೂ ಬಾ ಅಂದ್ರು. ನಾಲ್ಕು ದಿನದ ಮೌನ ಮುರಿದಿದ್ದೇ ಹಾಗೆ.

ಪಾವಗಡ ಬಿಟ್ಟು ಮಿಡಿಗೇಶಿ ಕಡೆ ಬರ್ತಿದ್ವಿ. ಎದುರಿಗೆ ಲಾರಿ ಬಂತು. ಅಪ್ಪ ಗಾಡಿ ಎಡಕ್ಕೆ ಇಳಿಸಿ ನಿಲ್ಲಿಸಿದ್ರು. "ಹೀಟ್ ಆಗಿರ್ಬೇಕು, ಬಾನೆಟ್ ಎತ್ತಿ ನೀರು ನೋಡು." ನೋಡ್ದೆ, ನೀರು ಸರಿ ಇತ್ತು. ಎರಡು ಕಿಲೋಮೀಟರ್ ಆದ್ಮೇಲೆ ಇನ್ನೊಂದು ಲಾರಿ, ಮತ್ತೆ ನಿಲ್ಲಿಸಿದ್ರು. "ಟೈರ್ ನೋಡು." ಮೂರನೇ ಸಲ ಟೀ ಕುಡಿಯೋಣ ಅಂದ್ರು, ಆ ಜಾಗದಲ್ಲಿ ಟೀ ಅಂಗಡಿನೇ ಇಲ್ಲ. ನಾಲ್ಕನೇ ಸಲ ನಾನು ಇಳೀಲಿಲ್ಲ. ಹೀಟ್ ಮೀಟರ್ ಮುಳ್ಳು ಅರ್ಧಕ್ಕಿಂತ ಕೆಳಗಿತ್ತು. ಅಪ್ಪ ಎರಡೂ ಕೈಲಿ ಸ್ಟೇರಿಂಗ್ ಬಿಗಿಯಾಗಿ ಹಿಡ್ಕೊಂಡು, ಎದುರಿನ ಲೈಟು ಪೂರ್ತಿ ದಾಟಿ ಹೋಗೋ ತನಕ ಕಣ್ಣು ಮುಚ್ಕೊಂಡಿದ್ರು.

"ಎಷ್ಟು ದಿನದಿಂದಪ್ಪ?"

ಸುಮಾರು ಹೊತ್ತು ಮಾತಿಲ್ಲ. ಆಮೇಲೆ, "ದಸರಾ ಟೈಮಿಂದ. ಎದುರು ಲೈಟು ಬಂದ್ರೆ ಹೂವು ಅರಳ್ದಂಗೆ ಚೆದುರ್ಕೊಂಬಿಡ್ತದೆ. ಹಗಲು ಏನಿಲ್ಲ."

ದಸರಾ ಅಂದ್ರೆ ಅಕ್ಟೋಬರ್. ಪುಸ್ತಕದಲ್ಲಿ ನಾನು "ಮಾರ್ಕೆಟ್ ಡಲ್" ಅಂತ ಬರ್ದಿದ್ದ ಜಾಗ. ರಾತ್ರಿ ಬಾಡಿಗೆಗಳನ್ನೆಲ್ಲ ಅವರೇ ಬೇಡ ಅಂತಿದ್ರು. ಯಾರಿಗೂ ಹೇಳಿರ್ಲಿಲ್ಲ, ಅಮ್ಮನಿಗೂ.

ಅವತ್ತು ಅಲ್ಲಿಂದ ಮನೆ ತನಕ ನಾನೇ ಓಡಿಸಿದೆ. ಓಡಿಸಲ್ಲ ಅಂತ ಕೂಗಾಡಿದೋನೇ. ಗಾಡಿ ಹೊಗೆ ಬಿಡ್ತಾ, ಸೆಕೆಂಡ್ ಗೇರಲ್ಲಿ ಕಿರ್ರ್ ಅಂತಾ ಬಂತು. ಅಪ್ಪ ಪಕ್ಕದ ಸೀಟಲ್ಲಿ ಕೂತು ದಾರಿ ಉದ್ದಕ್ಕೂ "ಕ್ಲಚ್ ಮೇಲೆ ಕಾಲಿಡಬ್ಯಾಡ" ಅಂತ ನಾಲ್ಕು ಸಲ ಬೈದ್ರು.

ಮಾರನೇ ವಾರ ಕಣ್ಣು ತೋರಿಸಿದ್ವಿ. ಎರಡು ಕಣ್ಣಲ್ಲೂ ಪೊರೆ. ಬಲಗಣ್ಣಿಗೆ ಏಪ್ರಿಲ್‌ನಲ್ಲಿ ಆಪರೇಷನ್ ಆಯ್ತು, ಎಡಗಣ್ಣಿಗೆ ಮೇ ತಿಂಗಳಲ್ಲಿ. ನಿಮ್ಮ ಅಪ್ಪನೋ ಮಾವನೋ ರಾತ್ರಿ ಗಾಡಿ ಓಡಿಸೋದು ಇದ್ದಕ್ಕಿದ್ದಂಗೆ ಬಿಟ್ಟಿದ್ರೆ, ಅಥವಾ ಸುಮ್ ಸುಮ್ನೆ ಟೀಗೆ ನಿಲ್ಲಿಸ್ತಿದ್ರೆ, ಒಂದ್ಸಲ ಕೇಳಿ ನೋಡಿ.

8/8

ಆಪರೇಷನ್ ಆಗಿ ಹಸಿರು ಬಟ್ಟೆ ಕಟ್ಕೊಂಡು ಜಗುಲಿ ಮೇಲೆ ಕೂತಿರೋವಾಗ ಅಪ್ಪನೇ ಹೇಳಿದ್ರು, "ಕೊಟ್ಬಿಡಾನ."

ತಗೊಂಡಿದ್ದು ಕೊರಟಗೆರೆ ಕಡೆಯ ಒಬ್ಬ ಅಣ್ಣ. ದಿನಾ ಬೆಳಗಿನ ಜಾವ ತುಮಕೂರಿಗೆ ಹೂವು ಸಾಗಿಸ್ತಾರೆ. ಅವರ ತಮ್ಮನದೇ ಗ್ಯಾರೇಜು, ಹಾಗಾಗಿ ನಮಗೆ 68,000 ಆಗೋ ಇಂಜಿನ್ ಕೆಲಸ ಅವರಿಗೆ ಸಾಮಾನಿನ ದುಡ್ಡಲ್ಲಿ ಮುಗಿಯುತ್ತೆ. ದಿನಾ ಬಾಡಿಗೆ, ಸ್ವಂತ ಮೇಸ್ತ್ರಿ. ಅದೇ ಗಾಡಿ ಅವರಿಗೆ ಲಾಭ, ನಮಗೆ ಲಾಸು. ಮುಚ್ಚಳ ತೆಗೆದು ಅಂಗೈ ಇಟ್ಟು ನೋಡೋಕೆ ಅಪ್ಪನೇ ಹೇಳಿದ್ರು. ಏನೂ ಮುಚ್ಚಿಡ್ಲಿಲ್ಲ. 1,40,000ಕ್ಕೆ ಮಾತಾಯ್ತು, ಹೆಸರು ಮೊದಲು ಬದಲಾಗ್ಬೇಕು ಅನ್ನೋ ಷರತ್ತಿನ ಮೇಲೆ.

ಆರ್‌ಸಿ ತೆಗೆದು ನೋಡಿದ್ರೆ ಫೈನಾನ್ಸ್‌ನೋರ ಹೆಸರು ಇನ್ನೂ ಹಾಗೇ ಇದೆ. ಸಾಲ ತೀರಿದ್ದು 2014ರಲ್ಲಿ. ಅವರು ಕೊಟ್ಟ ಕಾಗದವನ್ನ ಅಪ್ಪ ಭದ್ರವಾಗಿ ಟ್ರಂಕಲ್ಲಿ ಇಟ್ಟಿದ್ರು, ಆರ್‌ಟಿಓಗೆ ಕೊಟ್ಟಿರ್ಲೇ ಇಲ್ಲ. ಹೊಸದಾಗಿ ಎನ್‌ಒಸಿ ತಂದು, ಫಾರಂ 35 ಹಾಕಿ ಅದನ್ನ ತೆಗೆಸಿ, ಆಮೇಲೆ 29, 30. ಮೂರು ವಾರ ಓಡಾಟ. ನಿಮ್ಮನೇಲಿ ಬೈಕ್ ಲೋನ್ ತೀರಿದ್ರೂ ಒಂದ್ಸಲ ಆರ್‌ಸಿ ತೆಗೆದು ನೋಡ್ಕೊಳ್ಳಿ.

ದುಡ್ಡಲ್ಲಿ ಚೀಟಿ ಬಾಕಿ 55,000 ಕಟ್ಟಿದ್ವಿ. ಉಳಿದಿದ್ದು ಅಮ್ಮನ ಹೆಸರಲ್ಲಿ ಇದೆ. ಅಪ್ಪನಿಗೆ ಈಗ ಕಣ್ಣು ಚೆನ್ನಾಗಿ ಕಾಣುತ್ತೆ, ಡಾಕ್ಟರ್ ಓಡಿಸ್ಬಹುದು ಅಂದಿದ್ದಾರೆ. ಮಧುಗಿರಿಯ ಒಬ್ಬ ವ್ಯಾಪಾರಿ ಅವರ ಹೊಸ ಗಾಡಿಗೆ ಹಗಲು ಡ್ರೈವರ್ ಆಗಿ ಕರೀತಿದ್ದಾರೆ. ದಿನಕ್ಕೆ 800, ಡೀಸೆಲ್ ಚಿಂತೆ ಇಲ್ಲ, ಎಫ್‌ಸಿ ಚಿಂತೆ ಇಲ್ಲ. ತಿಂಗಳಿಗೆ ಹನ್ನೆರಡು ದಿನ ಹೋದ್ರೂ ಸ್ವಂತ ಗಾಡಿಲಿ ಉಳೀತಿದ್ದಕ್ಕಿಂತ ಜಾಸ್ತಿ. ಹೋದ ವಾರ ಎರಡು ದಿನ ಹೋಗಿದ್ರು. ಚಿಕ್ಕಪ್ಪನಿಗೆ ಹೇಳ್ಬೇಡ ಅಂದಿದ್ದಾರೆ. (ಚಿಕ್ಕಪ್ಪ ಈ ಆ್ಯಪಲ್ಲಿ ಇಲ್ಲ.)

ಗಾಡಿ ತಗೊಂಡು ಹೋಗೋ ದಿನ ಆ ಅಣ್ಣ ಜಾಕು, ಸ್ಟೆಪ್ನಿ, ಹಗ್ಗ ಎಲ್ಲಾ ಎಣಿಸಿ ನೋಡ್ಕೊಂಡು, "ಯಜಮಾನ್ರೇ, ಟಾರ್ಪಾಲು?" ಅಂದ್ರು. ಅಪ್ಪ ಹರಿದೋಗಿತ್ತು, ಬಿಸಾಕಿದ್ವಿ ಅಂದ್ರು. ನಾನು ಅವರ ಮುಖ ನೋಡ್ದೆ. ಅವರು ನನ್ನ ಕಡೆ ನೋಡ್ಲಿಲ್ಲ.

ಕೊನೇ ಫೋಟೋ ಇವತ್ತು ಬೆಳಗ್ಗೆ ತೆಗೆದಿದ್ದು. ಮನೆ ಹಿಂದೆ ಅದೇ ಟಾರ್ಪಾಲ್ ಹಾಸಿ, ಅಮ್ಮ ಮನೆ ಖರ್ಚಿಗೆ ಇಟ್ಕೊಂಡಿದ್ದ ಹುಣಸೆಹಣ್ಣು ಒಣಗಿಸ್ತಿದ್ದಾಳೆ.